ತಪ್ಪು ಹೌದು, ಆದರೆ ತೀರ್ಪು ಸರಿ

1974ರಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ವಿಲ್ಲಿ ಡಾರ್ಡನ್ ಎಂಬ ಕಪ್ಪು ಜನಾಂಗದವನ ಮೇಲೆ ಕೊಲೆ ಮೊಕದ್ದಮೆ ನಡೆಯಿತು. ಪೀಠೋಪಕರಣದ ಅಂಗಡಿ ದೋಚಲು ಹೋಗಿ ಮಾಲೀಕನನ್ನು ಗುಂಡಿಟ್ಟು ಕೊಂದ, ನೆರವಿಗೆ ಓಡಿಬಂದ ನೆರೆಮನೆಯ ಹುಡುಗನ ಮೇಲೂ ಗುಂಡು ಹಾರಿಸಿದ ಎಂಬುದು ಆರೋಪ. ಸಾಕ್ಷಿಗಳ ವಿಚಾರಣೆ ಮುಗಿದ ಮೇಲೆ ಸರ್ಕಾರಿ ವಕೀಲರು ಜ್ಯೂರಿಯ ಎದುರು ಅಂತಿಮ ವಾದಕ್ಕೆ ನಿಂತರು. ಈತ ಒಂದು ಪ್ರಾಣಿ ಎಂದರು. ಕೊರಳಿಗೆ ಹಗ್ಗ ಬಿಗಿದು, ಅದರ ಇನ್ನೊಂದು ತುದಿಯನ್ನು ಕಾವಲುಗಾರನ ಕೈಗೆ ಕೊಡದೆ ಇವನನ್ನು ಜೈಲಿನ ಕೋಣೆಯಿಂದ ಹೊರಗೆ ಬಿಡಬಾರದು ಎಂದರು. ಬಂದೂಕಿನ ಗುಂಡಿಗೆ ಮುಖವೇ ಹಾರಿಹೋಗಿ ಇವನು ಇಲ್ಲಿ ಕೂತಿರುವುದನ್ನು ನೋಡಬೇಕೆಂಬ ಆಸೆ ತಮಗಿದೆ ಎಂದೂ ಹೇಳಿದರು. ಡಾರ್ಡನ್ ಆಗ ಬೇರೊಂದು ಶಿಕ್ಷೆ ಅನುಭವಿಸುತ್ತಿದ್ದು, ವಾರಾಂತ್ಯದ ರಜೆಯ ಮೇಲೆ ಜೈಲಿನಿಂದ ಹೊರಬಂದಿದ್ದ. ಅದನ್ನು ಹಿಡಿದುಕೊಂಡು, ಬಂದೀಖಾನೆ ಇಲಾಖೆಯೂ ಇವನ ಪಕ್ಕದಲ್ಲಿ ಆರೋಪಿಯಾಗಿ ಕೂರಬೇಕಿತ್ತು, ಇವನು ಮತ್ತೆ ಜನರ ನಡುವೆ ಬಾರದಂತೆ ಮಾಡಲು ಮರಣದಂಡನೆಯೊಂದೇ ದಾರಿ ಎಂದರು. ಜ್ಯೂರಿ ಅವನನ್ನು ತಪ್ಪಿತಸ್ಥ ಎಂದಿತು. ಮರಣದಂಡನೆಯೂ ಆಯಿತು.

ಪ್ರಕರಣ ಮೇಲ್ಮನವಿಗಳ ಮೆಟ್ಟಿಲು ಹತ್ತಿ 1986ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಮುಂದೆ ಬಂತು. ಆ ಮಾತುಗಳು ಸರಿ ಎಂದು ಒಬ್ಬ ನ್ಯಾಯಮೂರ್ತಿಯೂ ಹೇಳಲಿಲ್ಲ. ಬಹುಮತದ ತೀರ್ಪು ಬರೆದ ಲೂಯಿಸ್ ಪವೆಲ್ ಅವರೂ ಆ ವಾದವನ್ನು ಖಂಡಿಸಿದರು. ಖಂಡಿಸಿದ ಮೇಲೆ, ಇಡೀ ವಿಚಾರಣೆಯನ್ನು ಒಟ್ಟಾಗಿ ನೋಡಿದರೆ ಅದು ಅನ್ಯಾಯದ ವಿಚಾರಣೆ ಎನ್ನುವಷ್ಟು ಕೆಟ್ಟಿರಲಿಲ್ಲ ಎಂದು ಐದು–ನಾಲ್ಕರ ಅಂತರದಲ್ಲಿ ಶಿಕ್ಷೆಯನ್ನು ಎತ್ತಿಹಿಡಿದರು. ಸಾಕ್ಷ್ಯ ಬಲವಾಗಿತ್ತು, ವಕೀಲರ ವಾದ ಸಾಕ್ಷ್ಯವಲ್ಲ ಎಂದು ನ್ಯಾಯಾಧೀಶರು ಜ್ಯೂರಿಗೆ ತಿಳಿಹೇಳಿದ್ದರು, ಅಲ್ಲಿನ ನಿಯಮದ ಪ್ರಕಾರ ಕೊನೆಗೆ ಮಾತಾಡುವ ಅವಕಾಶ ಆರೋಪಿ ಪರ ವಕೀಲರಿಗೇ ಸಿಕ್ಕಿತ್ತು. ಬಹುಮತ ಕೊಟ್ಟ ಕಾರಣಗಳು ಇಂಥವು. ಭಿನ್ನಮತ ಬರೆದ ಹ್ಯಾರಿ ಬ್ಲ್ಯಾಕ್‌ಮನ್ ಅವರ ಜೊತೆ ಇನ್ನು ಮೂವರು ನಿಂತರು. 1988ರ ಮಾರ್ಚ್ 15ರಂದು ಡಾರ್ಡನ್‌ನನ್ನು ವಿದ್ಯುತ್ ಕುರ್ಚಿಯಲ್ಲಿ ಕೂರಿಸಿ ಕೊಂದರು. ತಾನು ನಿರಪರಾಧಿ ಎಂದು ಅವನು ಕೊನೆಯವರೆಗೂ ಹೇಳುತ್ತಲೇ ಇದ್ದ.

ಅವನು ನಿರಪರಾಧಿಯಾಗಿದ್ದನೇ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ನನ್ನ ತಕರಾರು ‘ತಪ್ಪು ಹೌದು, ಆದರೆ ತೀರ್ಪು ಸರಿ’ ಎಂಬ ಈ ತರ್ಕದ ಮೇಲೆ. ಸರ್ಕಾರದ ಪರವಾಗಿ ಮಾತಾಡುವವನು ಆಡಬಾರದ ಮಾತು ಆಡಿದ ಎಂದು ಒಪ್ಪಿಕೊಂಡು, ಅದರ ಲಾಭವನ್ನು ಮಾತ್ರ ಸರ್ಕಾರದ ಬಳಿಯೇ ಉಳಿಸುವ ಈ ಪದ್ಧತಿ ನಿಯಮವನ್ನು ಕಾಗದದ ಮೇಲಷ್ಟೇ ಉಳಿಸುತ್ತದೆ ಎಂದು ನಾನು ನಂಬಿದ್ದೇನೆ.

ಅಂತಿಮ ವಾದಕ್ಕೆ ಅಲ್ಲಿ ಇಷ್ಟು ತೂಕ ಏಕೆ ಎಂಬುದನ್ನು ಮೊದಲು ಹೇಳಬೇಕು. ನಮ್ಮಲ್ಲಿ ಜ್ಯೂರಿ ಹೋಗಿ ಎರಡು ತಲೆಮಾರು ಕಳೆದಿದೆ. ಅಮೆರಿಕದಲ್ಲಿ ಗಂಭೀರ ಅಪರಾಧಗಳ ವಿಚಾರಣೆ ಇಂದಿಗೂ ಸಾಮಾನ್ಯವಾಗಿ ಹನ್ನೆರಡು ಮಂದಿ ಸಾಧಾರಣ ನಾಗರಿಕರ ಮುಂದೆ ನಡೆಯುತ್ತದೆ. ಒಬ್ಬರು ಬಸ್ ಓಡಿಸುವವರು, ಇನ್ನೊಬ್ಬರು ಶಾಲೆಯ ಟೀಚರ್. ವಾರಗಟ್ಟಲೆ ಅವರು ತುಂಡು ತುಂಡಾಗಿ ಸಾಕ್ಷ್ಯ ಕೇಳಿರುತ್ತಾರೆ. ಆ ತುಂಡುಗಳನ್ನು ಒಂದು ಕತೆಯಾಗಿ ಹೊಲಿದುಕೊಡುವುದೇ ಅಂತಿಮ ವಾದ. ಫೆಡರಲ್ ನ್ಯಾಯಾಲಯಗಳಲ್ಲಿ ಮೊದಲು ಸರ್ಕಾರಿ ವಕೀಲ, ಆಮೇಲೆ ಆರೋಪಿಯ ವಕೀಲ, ಕೊನೆಗೆ ಮತ್ತೆ ಸರ್ಕಾರಿ ವಕೀಲ ಮಾತಾಡುತ್ತಾರೆ. ಅದಾದ ಮೇಲೆ ಜ್ಯೂರಿ ಕದ ಹಾಕಿಕೊಂಡು ಚರ್ಚಿಸುತ್ತದೆ. ಹೊರಬಂದು ‘ತಪ್ಪಿತಸ್ಥ’ ಅಥವಾ ‘ತಪ್ಪಿತಸ್ಥನಲ್ಲ’ ಎನ್ನುತ್ತದೆ. ಕಾರಣ ಹೇಳುವುದಿಲ್ಲ, ಬರೆಯುವುದೂ ಇಲ್ಲ.

ಅಲ್ಲಿ ಸರ್ಕಾರಿ ವಕೀಲರಿಗೆ ಕಟ್ಟಿದ ಬೇಲಿ ಸ್ಪಷ್ಟವಾಗಿಯೇ ಇದೆ. ಸಾಕ್ಷ್ಯದಲ್ಲಿ ಇಲ್ಲದ್ದನ್ನು ಹೇಳಬಾರದು. ‘ಇವನೇ ಮಾಡಿದ್ದಾನೆ, ನನಗೆ ಗೊತ್ತು’ ಎಂದು ಸ್ವಂತ ನಂಬಿಕೆಯ ಮುದ್ರೆ ಒತ್ತಬಾರದು. ಆರೋಪಿ ಬಾಯಿ ಬಿಡದಿದ್ದುದನ್ನು ಅವನ ವಿರುದ್ಧ ತಿರುಗಿಸಬಾರದು. ಸತ್ತವನ ಜಾಗದಲ್ಲಿ ನಿಮ್ಮ ಮಗನನ್ನು ಇಟ್ಟು ನೋಡಿ ಎಂದು ಜ್ಯೂರಿಯ ಕರುಳಿಗೆ ಕೈ ಹಾಕಬಾರದು. ಜನಾಂಗದ ದ್ವೇಷ ಕೆದಕಬಾರದು.

ಈ ಬೇಲಿಗೆ ಆಧಾರ ಕೊಟ್ಟಿದ್ದು 1935ರ ಬರ್ಗರ್ ಪ್ರಕರಣ. ಖೋಟಾ ನೋಟಿನ ಒಳಸಂಚಿನ ಮೊಕದ್ದಮೆ ಅದು. ಸಾಕ್ಷಿಯಾಗಿ ಬಂದ ಮಹಿಳೆಯೊಬ್ಬರು ಬರ್ಗರ್‌ನನ್ನು ಗುರುತಿಸಲು ತಡವರಿಸಿದ್ದರು. ಸರ್ಕಾರದ ಪರ ಸಾಕ್ಷ್ಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಂತಿಮ ವಾದದಲ್ಲಿ ಸರ್ಕಾರಿ ವಕೀಲ, ಆ ಹೆಂಗಸಿಗೆ ಇವನ ಪರಿಚಯ ಇದ್ದೇ ಇದೆ, ಅದು ನನಗೆ ಗೊತ್ತು, ಇವನೇ ತಾನೇ ಎಂದು ನೇರವಾಗಿ ಕೇಳಲು ಕಾನೂನು ನನ್ನನ್ನು ಬಿಡಲಿಲ್ಲ ಅಷ್ಟೇ ಎಂಬ ಧಾಟಿಯಲ್ಲಿ ಜ್ಯೂರಿಗೆ ಹೇಳಿದ. ಸಾಕ್ಷಿ ಹೇಳದ ಮಾತನ್ನು ತಾನೇ ಸಾಕ್ಷಿಯಾಗಿ ಹೇಳಿದ ಹಾಗಾಯಿತು. ಅವನನ್ನು ಪಾಟೀಸವಾಲಿಗೆ ಒಳಪಡಿಸುವವರು ಯಾರು? ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದು ಮಾಡಿತು. ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್ ಅಲ್ಲಿ ಹೇಳಿದ್ದು ಇಷ್ಟು: ಸರ್ಕಾರಿ ವಕೀಲ ಒಂದು ಸಾಮಾನ್ಯ ಪಕ್ಷದ ವಕೀಲನಂತಲ್ಲ, ಅವನು ಪ್ರಭುತ್ವದ ಪ್ರತಿನಿಧಿ, ಗೆಲ್ಲುವುದಕ್ಕಿಂತ ನ್ಯಾಯ ನಡೆಯುವಂತೆ ನೋಡಿಕೊಳ್ಳುವುದು ಅವನ ಕೆಲಸ, ಗಟ್ಟಿಯಾಗಿ ಹೊಡೆಯಬಹುದು, ಅಡ್ಡದಾರಿಯ ಹೊಡೆತ ಮಾತ್ರ ಕೂಡದು. ಜನ ಅವನ ಮಾತನ್ನು ನಂಬುತ್ತಾರೆ, ಅದಕ್ಕಾಗಿಯೇ ಅವನ ಮಾತು ಅಪಾಯಕಾರಿ ಎಂಬ ಸೂಕ್ಷ್ಮವನ್ನೂ ಆ ತೀರ್ಪು ಗುರುತಿಸಿತು.

ಆ ನಂಬಿಕೆ ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ ಇಲಿನಾಯ್ ರಾಜ್ಯದ ಲಾಯ್ಡ್ ಮಿಲ್ಲರ್ ಪ್ರಕರಣಕ್ಕಿಂತ ಗಟ್ಟಿ ಉದಾಹರಣೆ ನನಗೆ ಗೊತ್ತಿಲ್ಲ. 1955ರಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳ ಕೊಲೆಯಾಯಿತು. ಕೊಲೆಯಾದ ಜಾಗದಿಂದ ಸುಮಾರು ಒಂದು ಮೈಲಿ ದೂರದಲ್ಲಿ ಒಂದು ಚಡ್ಡಿ ಸಿಕ್ಕಿತು. ಅದರ ಮೇಲೆ ಕೆಂಗಂದು ಕಲೆಗಳಿದ್ದವು. ಅದು ‘ಎ’ ಗುಂಪಿನ ರಕ್ತ ಎಂದು ಸರ್ಕಾರದ ರಸಾಯನ ತಜ್ಞ ಸಾಕ್ಷಿ ಹೇಳಿದ. ಹುಡುಗಿಯದು ‘ಎ’ ಗುಂಪು, ಮಿಲ್ಲರ್‌ನದು ‘ಒ’. ಅಂತಿಮ ವಾದದಲ್ಲಿ ಸರ್ಕಾರಿ ವಕೀಲರು ಆ ಚಡ್ಡಿಯ ರಕ್ತದ ಮಾತನ್ನು ಮತ್ತೆ ಮತ್ತೆ ಎತ್ತಿದರು. ಮಿಲ್ಲರ್‌ಗೆ ಮರಣದಂಡನೆಯಾಯಿತು. ಆ ಚಡ್ಡಿಯನ್ನು ಆರೋಪಿಯ ಪರ ತಜ್ಞರೊಬ್ಬರು ಪರೀಕ್ಷಿಸಲು ಸಾಧ್ಯವಾಗಿದ್ದು ವರ್ಷಗಳ ನಂತರ, ಫೆಡರಲ್ ನ್ಯಾಯಾಲಯದಲ್ಲಿ. ಕಲೆಗಳು ಪೇಂಟ್‌ನವು ಎಂದು ಅವರು ಹೇಳಿದರು. ಚಡ್ಡಿಗೆ ಪೇಂಟ್ ಹತ್ತಿದ್ದು ವಿಚಾರಣೆಯ ಕಾಲದಲ್ಲೇ ಸರ್ಕಾರದ ಕಡೆಯವರಿಗೆ ತಿಳಿದಿತ್ತು ಎಂಬುದೂ ಹೊರಬಿತ್ತು. 1967ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಶಿಕ್ಷೆಯನ್ನು ರದ್ದುಪಡಿಸಿತು. ಆಮೇಲೆ ಆ ರಾಜ್ಯದ ವಕೀಲರ ಸಂಘದ ಸಮಿತಿಯೊಂದು, ಪೇಂಟ್ ಜೊತೆಗೆ ರಕ್ತವೂ ಇತ್ತು, ಕೋರ್ಟ್ ತಪ್ಪಾಗಿ ತಿಳಿದಿದೆ ಎಂದು ಸರ್ಕಾರಿ ವಕೀಲರ ಪರ ನಿಂತಿತು. ಆ ವಾದವನ್ನೇ ಒಪ್ಪಿಕೊಳ್ಳೋಣ. ಹಾಗಿದ್ದರೂ ಒಬ್ಬ ಮನುಷ್ಯನನ್ನು ಸಾಯಿಸಬೇಕೇ ಬೇಡವೇ ಎಂದು ನಿರ್ಧರಿಸಬೇಕಿದ್ದ ಜ್ಯೂರಿಗೆ ಪೇಂಟ್ ವಿಷಯವನ್ನು ಸರ್ಕಾರ ತಿಳಿಸಲಿಲ್ಲ ಎಂಬುದು ಉಳಿದೇ ಉಳಿಯುತ್ತದೆ.

ಮಿಲ್ಲರ್ ತೀರ್ಪು ಬಂದು ಸರಿಯಾಗಿ ಒಂದು ವಾರಕ್ಕೆ, ಅದೇ ಕೋರ್ಟ್ ಇನ್ನೊಂದು ತೀರ್ಪು ಕೊಟ್ಟಿತು. ಅದರ ಹಿನ್ನೆಲೆ ಹೀಗೆ. ಕ್ಯಾಲಿಫೋರ್ನಿಯಾದಲ್ಲಿ ಆರೋಪಿ ಸಾಕ್ಷಿಕಟ್ಟೆ ಹತ್ತದಿದ್ದರೆ ಅದನ್ನು ಜ್ಯೂರಿಗೆ ಎತ್ತಿ ತೋರಿಸಲು ಅಲ್ಲಿನ ಕಾನೂನೇ ಅವಕಾಶ ಕೊಟ್ಟಿತ್ತು. ಸತ್ತವಳು ಬಂದು ತನ್ನ ಕತೆ ಹೇಳಲಾರಳು, ಈ ಆರೋಪಿಯೋ ಹೇಳಲು ಒಲ್ಲ ಎಂಬಂಥ ಮಾತುಗಳಿಂದ ಒಬ್ಬ ಸರ್ಕಾರಿ ವಕೀಲ ಜ್ಯೂರಿಯ ಮನ ಗೆದ್ದಿದ್ದ. 1965ರ ಗ್ರಿಫಿನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು: ಮೌನವಾಗಿರುವ ಹಕ್ಕು ಕೊಟ್ಟು, ಮೌನಕ್ಕೇ ದಂಡ ಹಾಕುವಂತಿಲ್ಲ ಎಂದಿತು. ಹಾಗಾದರೆ ಆ ನಿಷೇಧ ಮುರಿದಾಗಲೆಲ್ಲ ಶಿಕ್ಷೆ ರದ್ದಾಗಬೇಕೇ? ಎರಡು ವರ್ಷದ ನಂತರ ಚಾಪ್‌ಮನ್ ಪ್ರಕರಣದಲ್ಲಿ ಬಂದ ಉತ್ತರ: ಬೇಕಿಲ್ಲ, ಆ ಮಾತು ತೀರ್ಪಿಗೆ ಕಾರಣವಾಗಲಿಲ್ಲ ಎಂದು ಸರ್ಕಾರ ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿದರೆ ಶಿಕ್ಷೆ ನಿಲ್ಲುತ್ತದೆ. ಚಾಪ್‌ಮನ್‌ಗೆ ಅದರಿಂದ ತೊಂದರೆಯಾಗಲಿಲ್ಲ, ಆ ಶಿಕ್ಷೆ ರದ್ದೇ ಆಯಿತು. ಆದರೆ ಸಂವಿಧಾನದ ಹಕ್ಕನ್ನು ಮುರಿದ ತಪ್ಪೂ ‘ಹಾನಿಯಿಲ್ಲದ ತಪ್ಪು’ ಆಗಬಹುದು ಎಂಬ ಬಾಗಿಲು ತೆರೆದುಕೊಂಡಿತು. ಹೀಗೆ ನಿರ್ದಿಷ್ಟ ಹಕ್ಕಿಗೆ ತಗಲದ ಸಾಮಾನ್ಯ ಬಿರುನುಡಿಗಳಿಗೆ ನಿಯಮ ಇನ್ನೂ ಸಡಿಲವಾಯಿತು. ಇಡೀ ವಿಚಾರಣೆಗೇ ವಿಷ ಹರಡಿತು ಎಂದು ತೋರಿಸುವ ಹೊರೆ ಅಲ್ಲಿ ಆರೋಪಿಯ ತಲೆಯ ಮೇಲೆ ಬಂತು. ಡಾರ್ಡನ್ ಸೋತದ್ದು ಅಲ್ಲಿಯೇ.

ಹಾನಿಯಾಗಿಲ್ಲ ಎಂದು ಗೊತ್ತಾಗುವುದು ಹೇಗೆ? ಹನ್ನೆರಡು ಜನ ಕಾರಣ ಹೇಳದೆ ಎದ್ದು ಹೋಗಿದ್ದಾರೆ. ಅವರ ಮನಸ್ಸಿನ ಮೇಲೆ ಯಾವ ಮಾತು ಕೂತಿತು, ಯಾವುದು ಜಾರಿತು ಎಂದು ಅಚ್ಚಾದ ದಾಖಲೆ ಓದಿ ವರ್ಷಗಳ ನಂತರ ಊಹಿಸುವವರು ಮೇಲಿನ ನ್ಯಾಯಾಧೀಶರು. ಆ ಕಾಗದದಲ್ಲಿ ದನಿ ಇರುವುದಿಲ್ಲ, ಬೆರಳು ಚಾಚಿದ್ದು ಇರುವುದಿಲ್ಲ, ಸತ್ತವನ ಹೆಂಡತಿ ಎದುರಿನ ಸಾಲಿನಲ್ಲಿ ಅಳುತ್ತಿದ್ದುದು ಇರುವುದಿಲ್ಲ. ಆ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ ಎಂದು ನ್ಯಾಯಾಧೀಶರು ಜ್ಯೂರಿಗೆ ಹೇಳಿದರೆ ಸಾಕು ಎನ್ನುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವ ನಮ್ಮ ಹಿರಿಯರಿಗೆ ಈ ನಂಬಿಕೆ ವಿಚಿತ್ರವಾಗಿ ಕಾಣುತ್ತಿತ್ತು. ಅಮೆರಿಕದ ಅಟಾರ್ನಿ ಜನರಲ್ ಆಗಿದ್ದ, ನ್ಯೂರೆಂಬರ್ಗ್‌ನಲ್ಲಿ ನಾಜಿಗಳ ವಿರುದ್ಧ ಅಭಿಯೋಜಕರಾಗಿದ್ದ ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಕೂಡ ಇಂಥ ಸೂಚನೆಯಿಂದ ಪೂರ್ವಗ್ರಹ ಅಳಿಸಿಹೋಗುತ್ತದೆ ಎಂಬುದು ಬರೀ ಕಟ್ಟುಕತೆ, ಅದು ಪ್ರತಿ ವಕೀಲನಿಗೂ ಗೊತ್ತು ಎಂದು 1949ರಲ್ಲಿ ಬರೆದರು. ಆರೋಪಿಯ ವಕೀಲ ಎದ್ದು ಆಕ್ಷೇಪಿಸಿದರೂ ಕಷ್ಟ. ಇವನೇನೋ ಮುಚ್ಚಿಡುತ್ತಿದ್ದಾನೆ ಎಂದು ಜ್ಯೂರಿಗೆ ಅನ್ನಿಸುತ್ತದೆ, ಆ ಮಾತು ಎರಡನೇ ಸಲ ಕೇಳಿದಂತೆಯೂ ಆಗುತ್ತದೆ. ಸುಮ್ಮನೆ ಕೂತರೆ, ಆಗ ಏಕೆ ಆಕ್ಷೇಪಿಸಲಿಲ್ಲ ಎಂದು ಮೇಲಿನ ಕೋರ್ಟ್ ಕೇಳುತ್ತದೆ.

ಇಂಥ ಕ್ರೂರಿಯನ್ನು ಪ್ರಾಣಿ ಎಂದರೆ ತಪ್ಪೇನು ಎಂದು ಕೇಳುವವರು ಅಮೆರಿಕದಲ್ಲೂ ಇದ್ದಾರೆ, ನಮ್ಮ ಊರಿನ ಕಟ್ಟೆಯಲ್ಲೂ ಇದ್ದಾರೆ. ಕ್ರೌರ್ಯವನ್ನು ಬಿಸಿಯಾಗಿ ವಿವರಿಸುವುದಕ್ಕೆ ನನ್ನ ವಿರೋಧವಿಲ್ಲ. ಸಾಕ್ಷ್ಯವೇ ಬಿಸಿಯಾಗಿದ್ದರೆ ವಾದವೂ ಬಿಸಿಯಾಗಿರುತ್ತದೆ. ಆದರೆ ಡಾರ್ಡನ್ ಮೊಕದ್ದಮೆಯಲ್ಲಿ ಕೊಲೆ ಕ್ರೂರವೇ ಎಂಬ ಪ್ರಶ್ನೆ ಯಾರಿಗೂ ಇರಲಿಲ್ಲ. ಕೊಂದವನು ಇವನೇ ಹೌದೇ ಎಂಬುದಷ್ಟೇ ಪ್ರಶ್ನೆ. ‘ಪ್ರಾಣಿ’ ಎಂಬ ಬೈಗುಳ ಆ ಪ್ರಶ್ನೆಗೆ ಎಳ್ಳಷ್ಟೂ ಬೆಳಕು ಚೆಲ್ಲುವುದಿಲ್ಲ. ಕೇಳುವವರ ತಾಳ್ಮೆಯನ್ನು ಮಾತ್ರ ಸುಟ್ಟುಹಾಕುತ್ತದೆ. ಕೃತ್ಯ ಎಷ್ಟು ಘೋರವೋ ಯಾರನ್ನಾದರೂ ಹಿಡಿದು ಶಿಕ್ಷಿಸಬೇಕೆಂಬ ಒತ್ತಡ ಅಷ್ಟು ಹೆಚ್ಚು. ಹಿಡಿದವನು ಸರಿಯಾದವನೇ ಎಂದು ನಿಧಾನಿಸಿ ನೋಡಬೇಕಾದ ಅಗತ್ಯ ಅಲ್ಲಿಯೇ ಹೆಚ್ಚು.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ವಕೀಲನೊಬ್ಬ ನಾಲಿಗೆ ಹರಿಬಿಟ್ಟ ಎಂದು ಶಿಕ್ಷೆ ರದ್ದು ಮಾಡಿದರೆ ಅದರ ಬೆಲೆ ತೆರುವವರು ಯಾರು? ಹತ್ತು ವರ್ಷದ ನಂತರ ಮರುವಿಚಾರಣೆ ಎಂದರೆ ಸಾಕ್ಷಿಗಳು ಸತ್ತಿರುತ್ತಾರೆ, ಮರೆತಿರುತ್ತಾರೆ. ಮಗಳನ್ನು ಕಳೆದುಕೊಂಡ ತಾಯಿ ಮತ್ತೆ ಬಂದು ಅದೇ ಫೋಟೋಗಳನ್ನು ನೋಡಬೇಕು. ವಕೀಲನ ತಪ್ಪಿಗೆ ಆಕೆಗೇಕೆ ಶಿಕ್ಷೆ? ಇದಕ್ಕೆ ನನ್ನಲ್ಲಿ ಸುಲಭದ ಉತ್ತರ ಇಲ್ಲ. ಆದರೆ ಆ ತಾಯಿಯನ್ನು ಆ ಸ್ಥಿತಿಗೆ ತಂದವನು ಯಾರು ಎಂಬುದನ್ನು ಮರೆಯಬಾರದು. ಸಾಕ್ಷ್ಯ ಬಲವಾಗಿದ್ದರೆ ಆ ವಕೀಲನಿಗೆ ಆ ಮಾತು ಬೇಕಿರಲಿಲ್ಲ. ಬೇಕಾಯಿತು ಎಂದರೆ ಸಾಕ್ಷ್ಯದ ಬಲದ ಬಗ್ಗೆ ಅವನಿಗೇ ಅಳುಕಿತ್ತು ಎಂದು ನಾನು ತಿಳಿಯುತ್ತೇನೆ. ತಪ್ಪಿಗೆ ಯಾವ ಬೆಲೆಯೂ ಇಲ್ಲವಾದರೆ ಮುಂದಿನ ಮೊಕದ್ದಮೆಯಲ್ಲಿ ಅವನು ಮತ್ತೆ ಅದನ್ನೇ ಮಾಡುತ್ತಾನೆ. ಬೆಲೆ ನಿಜಕ್ಕೂ ಇಲ್ಲ. ಮೊಕದ್ದಮೆ ನಡೆಸುವಾಗಿನ ಕೆಲಸಕ್ಕಾಗಿ ಸರ್ಕಾರಿ ವಕೀಲರ ಮೇಲೆ ಪರಿಹಾರದ ದಾವೆ ಹೂಡುವಂತಿಲ್ಲ ಎಂದು 1976ರ ಇಂಬ್ಲರ್ ತೀರ್ಪು ಅವರಿಗೆ ಪೂರ್ಣ ರಕ್ಷಣೆ ಕೊಟ್ಟಿದೆ. ಖಂಡಿಸುವ ತೀರ್ಪುಗಳಲ್ಲೂ ಆ ವಕೀಲರ ಹೆಸರು ಬಹಳ ಸಲ ಇರುವುದೇ ಇಲ್ಲ.

ಇದನ್ನು ಮೊದಲೇ ಕಂಡು ಸಿಟ್ಟಾದವರು ನ್ಯಾಯಾಧೀಶ ಜೆರೋಮ್ ಫ್ರಾಂಕ್. ಯುದ್ಧಕಾಲದಲ್ಲಿ ಸೈನ್ಯಕ್ಕೆ ಕಳಪೆ ಸಾಮಗ್ರಿ ಪೂರೈಸಿದ ಆರೋಪ ಹೊತ್ತ ಕಂಪನಿಯೊಂದರ ಪ್ರಕರಣದಲ್ಲಿ ಸರ್ಕಾರಿ ವಕೀಲ ಜ್ಯೂರಿಯ ದೇಶಭಕ್ತಿಯನ್ನು ಕೆಣಕಿದ್ದ. 1946ರಲ್ಲಿ ಮೇಲ್ಮನವಿ ಪೀಠ ಶಿಕ್ಷೆಯನ್ನು ಉಳಿಸಿತು. ಫ್ರಾಂಕ್ ಭಿನ್ನಮತ ಬರೆದರು. ನಾವು ಪ್ರತಿ ಸಲ ಕಟುವಾಗಿ ಬೈಯುತ್ತೇವೆ, ಪ್ರತಿ ಸಲ ಶಿಕ್ಷೆಯನ್ನು ಎತ್ತಿಹಿಡಿಯುತ್ತೇವೆ, ಇದು ಕೈಲಾಗದವರ ಭಕ್ತಿ ಎಂಬರ್ಥದ ಮಾತು ಅವರದು. ನಲವತ್ತು ವರ್ಷದ ನಂತರವೂ ಆ ಮಾತು ಡಾರ್ಡನ್ ತೀರ್ಪಿಗೆ ಹೇಳಿ ಮಾಡಿಸಿದಂತಿತ್ತು.

ಬೇರೆ ದಾರಿ ಇಲ್ಲವೆಂದಲ್ಲ. ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ತೋರಿಸಿಕೊಟ್ಟಿದೆ. 2011ರ ಮಂಡೇ ಪ್ರಕರಣದಲ್ಲಿ, ಕಪ್ಪು ಜನ ಕಪ್ಪು ಜನರ ವಿರುದ್ಧ ಸಾಕ್ಷಿ ಹೇಳುವುದಿಲ್ಲ ಎಂದು ಸರ್ಕಾರಿ ವಕೀಲ ಜ್ಯೂರಿಗೆ ಹೇಳಿದ್ದ. ಕೋರ್ಟ್ ಶಿಕ್ಷೆ ರದ್ದುಮಾಡಿತು, ಹೊರೆಯನ್ನೂ ತಿರುಗಿಸಿ ಹೊರಿಸಿತು. ಜನಾಂಗದ್ವೇಷಕ್ಕೆ ಕೈಹಾಕಿದ ಮಾತು ತೀರ್ಪಿನ ಮೇಲೆ ಪರಿಣಾಮ ಬೀರಲಿಲ್ಲ ಎಂದು ಸಂಶಯಕ್ಕೆ ಎಡೆಯಿಲ್ಲದಂತೆ ಸರ್ಕಾರವೇ ತೋರಿಸಬೇಕು ಎಂದಿತು. ಮರುವರ್ಷ ಗ್ಲಾಸ್‌ಮನ್ ಪ್ರಕರಣ. ಅಲ್ಲಿ ಸರ್ಕಾರಿ ವಕೀಲ ಅಂತಿಮ ವಾದಕ್ಕೆ ಕಂಪ್ಯೂಟರ್ ಸ್ಲೈಡ್‌ಗಳನ್ನು ತಂದಿದ್ದ. ಬಂಧನದ ಹೊತ್ತಿನಲ್ಲಿ ತೆಗೆದ, ಗಾಯಗೊಂಡ ಮುಖದ ಫೋಟೋ. ಅದರ ಮೇಲೆ ಅಡ್ಡಲಾಗಿ ‘ತಪ್ಪಿತಸ್ಥ’, ‘ತಪ್ಪಿತಸ್ಥ’, ‘ತಪ್ಪಿತಸ್ಥ’ ಎಂಬ ಬರಹ. ಕೋರ್ಟ್ ಒಪ್ಪಲಿಲ್ಲ. ಸಾಕ್ಷ್ಯವಾಗಿ ಬಂದ ಫೋಟೋವನ್ನು ತಿದ್ದಿ ಹೊಸ ಸಾಕ್ಷ್ಯ ಹುಟ್ಟಿಸಿದಂತಾಯಿತು ಎಂದು ಮರುವಿಚಾರಣೆಗೆ ಆದೇಶಿಸಿತು. ಈ ತೀರ್ಪುಗಳು ಬಂದ ಮೇಲೆ ಆ ರಾಜ್ಯದ ನ್ಯಾಯವ್ಯವಸ್ಥೆ ಕುಸಿದು ಬೀಳಲಿಲ್ಲ.

ನಮ್ಮಲ್ಲಿ ಜ್ಯೂರಿ ಇಲ್ಲ, ಹಾಗಾಗಿ ಈ ರೋಗ ಇಲ್ಲ ಎಂದುಕೊಳ್ಳುವುದು ಸಹಜ. ನಮ್ಮ ಕಾನೂನು ಕೆಲವು ವಿಷಯಗಳಲ್ಲಿ ಮುಂದಿರುವುದೂ ನಿಜ. ಸೆಷನ್ಸ್ ವಿಚಾರಣೆಯಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರ್ ಮೊದಲು ವಾದ ಮಂಡಿಸುತ್ತಾರೆ, ಅದಕ್ಕೆ ಉತ್ತರ ಕೊಡುವ ಹಕ್ಕು ಆರೋಪಿಯ ವಕೀಲರದು. ಆರೋಪಿ ಸಾಕ್ಷಿಯಾಗಿ ನಿಲ್ಲದಿದ್ದರೆ ಅದರ ಬಗ್ಗೆ ಯಾವ ಪಕ್ಷವೂ, ನ್ಯಾಯಾಲಯವೂ ಟೀಕೆ ಮಾಡಕೂಡದು ಎಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 315ನೇ ಕಲಮು ಹೇಳಿತ್ತು. ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಉಳಿದಿದೆ. ನ್ಯಾಯಾಧೀಶರು ಕಾರಣಗಳನ್ನು ಬರೆದು ತೀರ್ಪು ಕೊಡುವುದರಿಂದ ಯಾವ ಮಾತಿನ ಮೇಲೆ ತೀರ್ಪು ನಿಂತಿದೆ ಎಂದು ಹೈಕೋರ್ಟ್ ಓದಿ ನೋಡಬಹುದು. ಹೇಗಾದರೂ ಶಿಕ್ಷೆ ಕೊಡಿಸಲೇಬೇಕೆಂಬ ದಾಹ ಸರ್ಕಾರಿ ಅಭಿಯೋಜಕರಿಗೆ ಇರಬಾರದು ಎಂದು ನಮ್ಮ ಸುಪ್ರೀಂ ಕೋರ್ಟ್ 1999ರ ಶಿವಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ಆದರೆ ಜ್ಯೂರಿಯನ್ನು ಕಳಿಸಿದ ಮೇಲೆ ಜ್ಯೂರಿಗೆ ಆಡುವ ಮಾತು ನಿಲ್ಲಲಿಲ್ಲ. ಅದು ಕೋರ್ಟಿನ ಮೆಟ್ಟಿಲ ಮೇಲೆ ಚಾಚಿಕೊಂಡಿರುವ ಮೈಕುಗಳ ಮುಂದೆ ಬಂತು. ಮುಂಬೈ ದಾಳಿಯ ಅಜ್ಮಲ್ ಕಸಬ್ ವಿಚಾರಣೆಯಲ್ಲಿ ವಿಶೇಷ ಅಭಿಯೋಜಕರಾಗಿದ್ದ ಉಜ್ವಲ್ ನಿಕಮ್, ಕಸಬ್ ಜೈಲಿನಲ್ಲಿ ಮಟನ್ ಬಿರಿಯಾನಿ ಕೇಳಿದ್ದಾನೆ ಎಂದು ಮಾಧ್ಯಮಗಳಿಗೆ ಹೇಳಿದ್ದರು. ದೇಶವೆಲ್ಲ ಅದನ್ನು ನಂಬಿತು, ವರ್ಷಗಟ್ಟಲೆ ಆಡಿತು. 2015ರಲ್ಲಿ ಜೈಪುರದಲ್ಲಿ ಮಾತಾಡುತ್ತ ಅವರೇ, ಅವನು ಬಿರಿಯಾನಿ ಕೇಳಿರಲಿಲ್ಲ, ಅವನ ಪರವಾಗಿ ಏಳುತ್ತಿದ್ದ ಭಾವನೆಯ ಅಲೆಯನ್ನು ಒಡೆಯಲು ತಾವು ಅದನ್ನು ಕಟ್ಟಿ ಹೇಳಿದ್ದು ಎಂದರು. ಕಸಬ್‌ನ ಅಪರಾಧಕ್ಕೆ ಸಾಕ್ಷ್ಯದ ಕೊರತೆ ಇರಲಿಲ್ಲ. ರೈಲು ನಿಲ್ದಾಣದಲ್ಲಿ ಬಂದೂಕು ಹಿಡಿದು ನಡೆಯುತ್ತಿದ್ದ ಅವನ ಚಿತ್ರವೇ ಇತ್ತು. ಅಮೆರಿಕದ ಅಳತೆಗೋಲು ಹಿಡಿದರೆ ಇದು ‘ಹಾನಿಯಿಲ್ಲದ ತಪ್ಪು’. ನನಗೆ ಹಾಗೆ ಕಾಣುವುದಿಲ್ಲ. ಗೆಲ್ಲುವುದು ಖಚಿತವಿದ್ದ ಮೊಕದ್ದಮೆಯಲ್ಲೂ ಸರ್ಕಾರದ ದನಿಯಾಗಿದ್ದವರು ಸುಳ್ಳು ಹೇಳಬಹುದು, ಆಮೇಲೆ ಅದನ್ನು ವೇದಿಕೆಯ ಮೇಲೆ ಒಪ್ಪಿಕೊಳ್ಳಬಹುದು, ಏನೂ ಆಗುವುದಿಲ್ಲ ಎಂದು ಪ್ರತಿ ಜಿಲ್ಲೆಯ ಕಿರಿಯ ಅಭಿಯೋಜಕರು ನೋಡಿದರು.

ಪರಿಣಾಮ ಕೋರ್ಟಿನ ಹೊರಗೇ ನಿಲ್ಲುತ್ತದೆ ಎಂದೂ ಹೇಳುವಂತಿಲ್ಲ. 1983ರ ಮಚ್ಛಿ ಸಿಂಗ್ ತೀರ್ಪಿನಿಂದೀಚೆಗೆ ‘ಸಮಾಜದ ಸಾಮೂಹಿಕ ಅಂತಃಸಾಕ್ಷಿ’ಗೆ ಬಿದ್ದ ಪೆಟ್ಟು ಮರಣದಂಡನೆಗೆ ಒಂದು ಆಧಾರವಾಗಿದೆ, 2005ರಲ್ಲಿ ಸಂಸತ್ತಿನ ಮೇಲಿನ ದಾಳಿಯ ಪ್ರಕರಣದಲ್ಲಿ ಅಫ್ಜಲ್ ಗುರುವಿನ ಶಿಕ್ಷೆ ಎತ್ತಿಹಿಡಿಯುವಾಗಲೂ ಆ ಮಾತು ಬಂತು. ಸಮಾಜದ ಅಂತಃಸಾಕ್ಷಿ ಕೋರ್ಟಿಗೆ ತಿಳಿಯುವುದು ಎಲ್ಲಿಂದ? ಟಿವಿಯಿಂದ, ಪತ್ರಿಕೆಯಿಂದ, ಬೀದಿಯ ಮಾತಿನಿಂದ. ಆ ಮಾತನ್ನು ಕಟ್ಟುವವರಲ್ಲಿ ಅಭಿಯೋಜಕರೇ ಒಬ್ಬರಾದರೆ, ಅವರು ಹೊರಗೆ ಬಿತ್ತಿದ್ದನ್ನು ಒಳಗೆ ಬಂದು ಪುರಾವೆಯಾಗಿ ಕೊಯ್ದಂತೆ. ಅಮೆರಿಕದ ಜ್ಯೂರಿಯ ಮುಂದೆ ಆಡಿದ ಕೆಟ್ಟ ಮಾತಿಗೆ ಕನಿಷ್ಠ ಒಂದು ಅಚ್ಚಾದ ದಾಖಲೆ ಇರುತ್ತದೆ, ಎದುರು ಪಕ್ಷದವರು ಎದ್ದು ನಿಂತು ತಡೆಯಬಹುದು. ಮೈಕಿನ ಮುಂದಿನ ಮಾತಿಗೆ ಆ ತಡೆಯೂ ಇಲ್ಲ.

ಅಲ್ಲಿಗೆ ನಾನು ಕೇಳುವುದು, ವಾಷಿಂಗ್ಟನ್ ರಾಜ್ಯ ಜನಾಂಗದ ಮಾತಿಗೆ ಮಾಡಿದ್ದನ್ನು ಎಲ್ಲ ನಿಷಿದ್ಧ ಮಾತಿಗೂ ವಿಸ್ತರಿಸಬೇಕು ಎಂದು: ಹಾನಿಯಾಗಿಲ್ಲ ಎಂದು ತೋರಿಸುವ ಹೊರೆ ತಪ್ಪು ಮಾಡಿದವನದೇ ಆಗಲಿ, ತೀರ್ಪಿನಲ್ಲಿ ಅವನ ಹೆಸರು ಇರಲಿ, ವಿಚಾರಣಾ ನ್ಯಾಯಾಧೀಶರು ಆಕ್ಷೇಪಕ್ಕೆ ಕಾಯದೆ ತಾವೇ ತಡೆಯಲಿ. ಇಲ್ಲಿಗೆ ಕೇಳುವುದು ಇನ್ನೂ ಚಿಕ್ಕದು. ವಿಶೇಷ ಅಭಿಯೋಜಕರನ್ನು ನೇಮಿಸುವ ಅಧಿಸೂಚನೆಯಲ್ಲೇ ಒಂದು ಷರತ್ತು ಸೇರಿಸಬಹುದು: ತೀರ್ಪು ಬರುವವರೆಗೆ ಆರೋಪಿಯ ಬಗ್ಗೆ ನ್ಯಾಯಾಲಯದ ಹೊರಗೆ ಮಾತಾಡಕೂಡದು, ಮಾತಾಡಿದರೆ ನೇಮಕ ರದ್ದು. ಅದಕ್ಕೆ ಸಂಸತ್ತು ಬೇಕಿಲ್ಲ, ಹೊಸ ಸಂಹಿತೆಯೂ ಬೇಕಿಲ್ಲ. ರಾಜ್ಯದ ಗೃಹ ಇಲಾಖೆ ಮನಸ್ಸು ಮಾಡಿದರೆ ಮುಂದಿನ ನೇಮಕದಿಂದಲೇ ಜಾರಿಗೆ ತರಬಹುದು.